ತಾರಸಿಯ ಮೇಲಿನ ಬಿಳಿ ಚುಕ್ಕಿ

ಆಫೀಸು, ಎರಡನೇ ಮಹಡಿ
ಸೋಮವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಕಪ್ಪು ಕನ್ನಡಕ ಹಾಕದೆ ವೆಲ್ಡಿಂಗಿಗೆ ಕೂರಬೇಡ ಎಂದು ಅತ್ತಿಗೆ ಎಷ್ಟು ಬಡಿದುಕೊಂಡರೂ "ಇದೊಂದ್ ಚೂರು ಅಷ್ಟೇ" ಎನ್ನುವ ಆಸಾಮಿ ನೀನು. ದೊಡ್ಡವಳ ಪರೀಕ್ಷೆ ಮುಗಿದಿರಬೇಕು. ಚಿಕ್ಕವಳಿಗೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಚೆನ್ನಾಗಿಲ್ಲ ಅಣ್ಣಾ. ಊಟ ಸೇರುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಫೋನು ಬಂದರೆ ನೀನು ಎತ್ತುವುದಿಲ್ಲ, ಮನೆಯಲ್ಲಿ ಬೇರೆಯವರು ಎತ್ತುವ ಹಾಗೂ ಇಲ್ಲ. ನಿನ್ನೆ ಭಾನುವಾರ ಆರು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಬಂದವಳಿಗೆ ಬಾಗಿಲನ್ನೂ ತೆಗೆಯಲಿಲ್ಲ. ಒಳಗಿನಿಂದಲೇ "ಇನ್ನೊಂದ್ಸಲ ನನ್ನ ಮರ್ಯಾದೆ ಕಳೀಬೇಡ, ಹೋಗು" ಎಂದೆ. ಕಿಟಕಿಯಲ್ಲಿ ಚಿಕ್ಕವಳು ಕೈಬೀಸುತ್ತಿದ್ದಳು. ಅದಕ್ಕೇ ಈ ಕಾಗದ. ಬಸ್ಸಿನ ಡ್ರೈವರ್ ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿದ್ದಾನೆ. ಹರಿದು ಹಾಕುವುದಿದ್ದರೆ ಕೊನೆಯವರೆಗೆ ಓದಿ ಹರಿದು ಹಾಕು.

ನಿನ್ನ ಸಿಟ್ಟು ನ್ಯಾಯವಾದದ್ದೇ. ಎರಡು ವರ್ಷದ ಹಿಂದೆ ಬೀದಿಯ ಕೊನೆಯ ಶಾಲೆ ಮೇಲಕ್ಕೆ ಏಳುತ್ತಿದೆ, ಅಡಿಯ ನೆಲ ಉಬ್ಬುತ್ತಿದೆ, ಮಕ್ಕಳನ್ನು ಹೊರಗೆ ಕಳಿಸಿ ಎಂದು ನಿನ್ನ ಬಾಯಲ್ಲಿ ಹೇಳಿಸಿದವಳು ನಾನು. ತಂಗಿ ಉಪಗ್ರಹದ ಆಫೀಸಿನಲ್ಲಿದ್ದಾಳೆ ಎಂದು ನೀನು ಎದೆಯುಬ್ಬಿಸಿ ಹೋಗಿ ಹೇಳಿದೆ. ಎಂಟು ದಿನ ಶಾಲೆ ಮುಚ್ಚಿತು, ಎಂಜಿನಿಯರುಗಳು ಬಂದು ಅಗೆದು ನೋಡಿದರು, ಒಂದು ಕೂದಲೆಳೆಯ ಬಿರುಕೂ ಸಿಗಲಿಲ್ಲ. ಅಂದಿನಿಂದ ಬೀದಿಯಲ್ಲಿ ನಿನ್ನ ಹೆಸರೇ ಉಪಗ್ರಹ. "ಏನಪ್ಪಾ ಉಪಗ್ರಹ, ಇವತ್ತು ಯಾರ ಮನೆ ಏಳುತ್ತೆ?" ಎಂದು ಪಕ್ಕದ ಮನೆ ದರ್ಜಿ ದಿನಾ ಕೇಳುತ್ತಾನಂತೆ. ನಿನ್ನ ತಲೆ ತಗ್ಗಿಸಿದವಳು ನಾನು. ಆದರೆ ಆ ದಿನ ನಡೆದದ್ದೇನು ಎಂದು ನನಗೇ ಗೊತ್ತಾಗಿದ್ದು ಕಳೆದ ಶುಕ್ರವಾರ.

ನಮ್ಮ ಉಪಗ್ರಹ ಕ್ಯಾಮೆರಾದಂತೆ ಬಿಸಿಲನ್ನು ಕಾಯುವುದಿಲ್ಲ ಎಂದು ನಿನಗೆ ಹೇಳಿದ್ದೆ. ರೇಡಾರಿನ ಅಲೆ ಬಿಟ್ಟು, ನೆಲಕ್ಕೆ ಬಡಿದು ವಾಪಸು ಬಂದದ್ದನ್ನು ಹಿಡಿದು ಚಿತ್ರ ಮಾಡುತ್ತದೆ. ಮೋಡವಿರಲಿ, ಕತ್ತಲಿರಲಿ, ಅದಕ್ಕೆ ಲೆಕ್ಕವಿಲ್ಲ. "ಅಂದ್ರೆ ತನ್ನ ಟಾರ್ಚು ತಾನೇ ಹಿಡ್ಕೊಂಡು ಬರುತ್ತೆ ಅನ್ನು" ಎಂದಿದ್ದೆ ನೀನು. ಅದನ್ನೇ ನಾನು ಹೊಸಬರಿಗೆಲ್ಲ ಪಾಠ ಮಾಡುವಾಗ ಹೇಳುತ್ತೇನೆ. ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು, ನೆಲ ಎಷ್ಟು ಮಿಲಿಮೀಟರ್ ಏರಿತು, ಎಷ್ಟು ಇಳಿಯಿತು ಎಂದು ತಿಳಿಸುತ್ತದೆ. ಆದರೆ ಯಾವುದಕ್ಕೆ ಹೋಲಿಸಿ ಏರಿತು, ಇಳಿಯಿತು? ಅದಕ್ಕೊಂದು ಅಲುಗಾಡದ ಜಾಗವನ್ನು ನಾವೇ ಆರಿಸಿ ಕೊಡಬೇಕು. ಉಳಿದ ಊರನ್ನೆಲ್ಲ ಆ ಒಂದು ಜಾಗದಿಂದ ಅಳೆಯುವುದು.

ಮೂರು ವರ್ಷದ ಹಿಂದೆ ನಾನು ಆರಿಸಿದ್ದು ನಮ್ಮ ಮನೆ. ಅಲೆ ಚೆನ್ನಾಗಿ ವಾಪಸಾಗಲಿ ಎಂದು ಮೂರು ತಗಡುಗಳನ್ನು ಮೂಲೆಗೆ ಮೂಲೆ ಸೇರಿಸಿ ನೀನೇ ಬೆಸೆದು ಕೊಟ್ಟೆಯಲ್ಲ, ತಾರಸಿಯ ಮೇಲೆ ಬೋಲ್ಟು ಹಾಕಿ ನಿಲ್ಲಿಸಿದೆವಲ್ಲ, ಆ ಬಾಯ್ತೆರೆದ ಪೆಟ್ಟಿಗೆ. ಚಿತ್ರದಲ್ಲಿ ಅದು ಬಿಳಿ ಚುಕ್ಕಿಯಾಗಿ ಹೊಳೆಯುತ್ತದೆ. ಈ ಜಾಗ ಅಲುಗಾಡುವುದಿಲ್ಲ ಎನ್ನಲು ಆಧಾರವೇನು ಎಂದು ಫಾರಂ ಕೇಳುತ್ತದೆ. ನಾನು ಹುಟ್ಟಿ ಬೆಳೆದ ಮನೆ ಎಂದು ಬರೆಯಲಾಗುತ್ತದೆಯೇ? "ಹಳೆಯ ಗಟ್ಟಿ ಕಟ್ಟಡ" ಎಂದು ಬರೆದು ಸಹಿ ಹಾಕಿದೆ. ಅಲ್ಲೇ ನಾನು ಎಡವಿದ್ದು.

ಊರೆಲ್ಲ ಅಷ್ಟಿಷ್ಟು ಏರಿದಂತೆ ಕಾಣುತ್ತಿತ್ತು. ಗಾಳಿಯ ತೇವದಿಂದ ಆಗುವ ತಪ್ಪು ಎಂದು ನಾನೇ ಅದನ್ನು ತಳ್ಳಿಹಾಕಿ, ದೊಡ್ಡ ಕಟ್ಟಡವಾದ್ದರಿಂದ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡ ಶಾಲೆಯನ್ನು ಮಾತ್ರ ಹಿಡಿದುಕೊಂಡು ಕೂತೆ. ಶುಕ್ರವಾರ ಪಕ್ಕದ ಮೇಜಿನವಳು ಬಗ್ಗಿ ನೋಡಿ, "ಊರೇನು ಹಿಟ್ಟಾ, ಒಟ್ಟಿಗೆ ಉಬ್ಬೋಕೆ?" ಎಂದು ನಕ್ಕಳು. ಊರೆಲ್ಲ ಏರಿದಂತೆ ಕಾಣಬೇಕಾದರೆ ಅಳೆಯುವ ಜಾಗವೇ ಇಳಿದಿರಬೇಕಲ್ಲ ಎಂದು ನನಗೆ ಆಗ ಹೊಳೆಯಿತು. ನಮ್ಮ ಮನೆ ಬಿಟ್ಟು ರೈಲು ಸೇತುವೆಯ ಕಂಬವನ್ನು ಅಲುಗಾಡದ ಜಾಗವೆಂದು ಕೊಟ್ಟು ಮೊದಲಿಂದ ಲೆಕ್ಕ ಹಾಕಿದೆ. ಶಾಲೆ ಇದ್ದಲ್ಲೇ ಇದೆ. ಊರು ಇದ್ದಲ್ಲೇ ಇದೆ. ಇಳಿಯುತ್ತಿರುವುದು ನಮ್ಮ ಮನೆ ಅಣ್ಣಾ, ಜೊತೆಗೆ ದರ್ಜಿಯ ಮನೆ. ಮೊದಲೆಲ್ಲ ಒಳಗಿದ್ದವರಿಗೆ ಗೊತ್ತೇ ಆಗದಷ್ಟು ನಿಧಾನ. ಕಳೆದ ಮೂರು ಸುತ್ತಿನಲ್ಲಿ ಮೂರು ಮಿಲಿಮೀಟರ್, ಆಮೇಲೆ ಐದು, ಆಮೇಲೆ ಹನ್ನೊಂದು. ಹೀಗೆ ವೇಗ ಏರುತ್ತಾ ಹೋದರೆ ಯಾವ ಗಳಿಗೆಯಲ್ಲಾದರೂ ನೆಲ ಕುಸಿಯಬಹುದು.

ಬೀದಿಯಲ್ಲಿ ನಮ್ಮ ಮನೆಯಿರುವ ತುದಿ ಹಳೆಯ ಕಲ್ಲುಗಣಿ, ಮಣ್ಣು ಕಸ ತುಂಬಿ ಮೇಲೆ ಮನೆ ಕಟ್ಟಿದ್ದು ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ಅಡುಗೆಮನೆ ಬಾಗಿಲು ಹಿಡಿಯುತ್ತದೆ ಎಂದು ನೀನು ಬಡಗಿಯಿಂದ ಎರಡು ಸಲ ಹತ್ತರಿ ಹೊಡೆಸಿದೆ. "ಅತ್ತೆ, ನಮ್ಮನೇಲಿ ಗೋಲಿ ತಾನೇ ಓಡುತ್ತೆ" ಎಂದು ಚಿಕ್ಕವಳು ಹೇಳಿದಾಗ ನಾನು ಅವಳ ಕೆನ್ನೆ ಹಿಂಡಿ ನಕ್ಕಿದ್ದೆ. ಇದನ್ನೇ ಅಳೆಯುವುದು ನನ್ನ ಕೆಲಸ, ಮಗು ಬಾಯಿಬಿಟ್ಟು ಹೇಳಿದರೂ ನನಗೆ ಹೊಳೆಯಲಿಲ್ಲ. ನನ್ನ ಮಾತು ನಂಬಬೇಡ, ಆ ಗೋಲಿಯನ್ನು ನಂಬು.

ಮೇಲಿನವರ ಕಾಲು ಹಿಡಿದದ್ದೂ ಆಯಿತು. "ಒಂದ್ಸಲ ಸುಳ್ಳಾಗಿದೆಯಲ್ಲಮ್ಮ, ಇನ್ನೊಂದು ಸುತ್ತು ಬರಲಿ" ಎನ್ನುತ್ತಾರೆ. ಈ ಗುರುವಾರ ಉಪಗ್ರಹ ತೆಗೆಯುವ ಚಿತ್ರದ ಲೆಕ್ಕ ಕೈಗೆ ಬರದೆ ನಗರಸಭೆಯವರು ಬೀದಿ ಖಾಲಿ ಮಾಡಿಸುವುದಿಲ್ಲ. ಆ ಲೆಕ್ಕ ಬೇಗ ಹಾಕುವವಳು ನಾನೊಬ್ಬಳೇ, ಅದರ ತಯಾರಿಗೇ ಮೂರು ದಿನ ಬೇಕು, ಅದಕ್ಕೇ ಬಸ್ಸು ಹತ್ತಿ ಬರಲಾರದೆ ಇಲ್ಲಿ ಒದ್ದಾಡುತ್ತಿದ್ದೇನೆ. ದರ್ಜಿಗೆ ಫೋನು ಮಾಡಿದೆ. ನೀನು ಹೊರಟರೆ ಅವನೂ ಹೊರಡುತ್ತಾನಂತೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುತ್ತಿಲ್ಲ. ಮೊದಲು ಹೊರಗೆ ಬಾ, ಆಮೇಲೆ ಜೀವಮಾನವಿಡೀ ಬೈಯಿ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ಅವರ ಅತ್ತೆಯ ಮುತ್ತು.

ಇಂತಿ,
ನಿನ್ನ ಬಾಲಂಗೋಚಿ

ಮರೆತಿದ್ದೆ, ಬಸ್ಸಿಗೆ ಹೊತ್ತಾಯಿತು: ನನ್ನ ಜೊತೆ ಮಾತಾಡುವುದು ಬೇಡ, ಫೋನೂ ಬೇಡ. ಈ ಕಾಗದ ಓದಿದ ಕೂಡಲೇ ಮನೆ ಬಿಡು. ಹೊರಡುವಾಗ ಆ ಪೆಟ್ಟಿಗೆಯ ಬೋಲ್ಟು ಬಿಚ್ಚಿ, ನೀನೂ ದರ್ಜಿಯೂ ಹೊತ್ತುಕೊಂಡು ಹೋಗಿ ಶಾಲೆಯ ಮೈದಾನದ ನಡುವೆ ಇಡಿ. ಬಾಯಿ ಊರಾಚೆಯ ನೀರಿನ ಟ್ಯಾಂಕಿನ ಕಡೆಗಿರಲಿ, ಈಗಿರುವ ಹಾಗೆಯೇ. ಗುರುವಾರ ಬೆಳಿಗ್ಗೆ ಆರು ಹತ್ತಕ್ಕೆ ಉಪಗ್ರಹ ನಿಮ್ಮ ಮೇಲೆ ಹಾದುಹೋಗುತ್ತದೆ. ಬಿಳಿ ಚುಕ್ಕಿ ಮೈದಾನದಲ್ಲಿ ಕಂಡರೆ ನಾಲ್ವರೂ ಹೊರಗಿದ್ದೀರಿ ಎಂದು ತಿಳಿಯುತ್ತೇನೆ. ಅದು ತಾರಸಿಯ ಮೇಲೆಯೇ ಇದ್ದರೆ, ಅದರ ಕೆಳಗೆ ನೀವಿದ್ದೀರಿ ಎಂದು ನಾನು ಇಲ್ಲಿ ಕೂತು ನೋಡಬೇಕಾಗುತ್ತದೆ. ಅಣ್ಣಾ, ನನಗೆ ಅದನ್ನು ತೋರಿಸಬೇಡ.