"ನಿಧಾನ" ಎಂದು ನಾನು ಬರೆದದ್ದು

ಗದಗ
ಫೆಬ್ರವರಿ ಮೂವತ್ತು, 2171

ಸರ್ಕಾರಿ ಶಾಲೆಗಳ ಆಯ್ಕೆಪಟ್ಟಿಗೆ ಇಂದು ಸಹಿ ಹಾಕುತ್ತಿರುವವರಿಗೆ,

ಮೇಲಿನ ತಾರೀಖು ಕಂಡು ಈ ಕಾಗದವನ್ನು ಪಕ್ಕಕ್ಕಿಡಬೇಡಿ. ಈಗ ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬರುತ್ತವೆ. ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಆಡುತ್ತ ಬೆಳೆದೆ, ಬರೆಯುವುದನ್ನು ತಡವಾಗಿ ಕಲಿತೆ. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು ಅನ್ನಿಸಿತು, ಏಕೆಂದರೆ ಮುಂದೆ ಹೇಳಲಿರುವ ತಪ್ಪನ್ನು ನಾನು ಬರೆದದ್ದೂ ಕನ್ನಡದಲ್ಲೇ.

ನಮ್ಮ ಜಿಲ್ಲೆಯಲ್ಲಿ ಚಿಗುರು ವರ್ಗ ಎಂಬುದೊಂದಿದೆ. ವಯಸ್ಸಿಗಿಂತ ಮುಂದೆ ಯೋಚಿಸುವ ಮಕ್ಕಳಿಗಾಗಿ ಸರ್ಕಾರಿ ಶಾಲೆಯಲ್ಲೇ ನಡೆಯುವ ತರಗತಿ. ವರ್ಷಕ್ಕೆ ನಲವತ್ತು ಸೀಟು. ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ಮಾತ್ರ ಅವಕಾಶ. ಆಯ್ಕೆಗಾರರು ಮೂವರು. ಏಳು ವರ್ಷ ನಾನೂ ಅವರಲ್ಲೊಬ್ಬಳಾಗಿದ್ದೆ. ಮಗು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂತು, ಕೊಟ್ಟ ಲೆಕ್ಕವನ್ನು ಹೇಗೆ ಬಿಡಿಸಿದೆ ಎಂದು ಬಾಯಿಬಿಟ್ಟು ಹೇಳುತ್ತದೆ. ಆ ದನಿ ಸಮಧ್ವನಿ ಎಂಬ ಯಂತ್ರದ ಮೂಲಕ ನಮಗೆ ತಲುಪುತ್ತದೆ. ಅದು ಎಲ್ಲ ಮಕ್ಕಳಿಗೂ ಒಂದೇ ದನಿ, ಒಂದೇ ಉಚ್ಚಾರ ಕೊಡುತ್ತದೆ. ಹುಡುಗಿಯೋ ಹುಡುಗನೋ, ಯಾವ ಓಣಿಯೋ, ಯಾವ ಜಾತಿಯೋ ತಿಳಿಯುವುದಿಲ್ಲ. ಹೆಸರಿಲ್ಲ, ಮುಖ ಕಾಣುವುದಿಲ್ಲ. ಇದಕ್ಕಿಂತ ನ್ಯಾಯವಾದ ಪದ್ಧತಿ ಇಲ್ಲವೆಂದು ಪೋಷಕರ ಸಭೆಗಳಲ್ಲಿ ನಾನೇ ಹೇಳಿಕೊಂಡು ಬಂದಿದ್ದೆ.

ಪಟ್ಟಿ ಪ್ರಕಟವಾದ ಮೂರನೆಯ ದಿನ ಕಾರಣದ ದಿನ. ಶಾಲೆಯ ಅಂಗಳದಲ್ಲಿ ನೆರಳುಬಟ್ಟೆ ಕಟ್ಟುತ್ತಾರೆ. ಬಿಸಿಲನ್ನು ಹೀರಿ ವಿದ್ಯುತ್ತು ಕೊಡುವ ಬಟ್ಟೆ ಅದು. ಬೆಟಗೇರಿಯ ಮಗ್ಗಗಳಲ್ಲಿ ಈಗ ಹೆಚ್ಚಾಗಿ ನೇಯುವುದು ಅದನ್ನೇ. ಕೆಳಗೆ ಮೂರು ಮೇಜು, ಒಂದು ಹರವಿ ನೀರು. ಸೀಟು ಸಿಗದ ಮಗುವಿನ ಮನೆಯವರು ಯಾರೇ ಬಂದು ಕೂತರೂ ನಾವು ಆ ಮಗುವಿನ ಹಾಳೆ ತೆಗೆದು, ಯಾಕೆ ಬಿಟ್ಟೆವು ಎಂಬುದನ್ನು ಅವರಿಗೆ ಅರ್ಥವಾಗುವಂತೆ ಓದಿ ಹೇಳಬೇಕು. ಅಂಕ ಕಡಿಮೆ ಬಂತು ಎಂದರೆ ಅದು ಕಾರಣವಲ್ಲ. ಕೆಲವರು ಕೂಗಾಡುತ್ತಾರೆ. ಹೆಚ್ಚಿನವರು ತಲೆಯಾಡಿಸಿ ಎದ್ದುಹೋಗುತ್ತಾರೆ.

ಈ ಸಲ ನನ್ನ ಮೇಜಿಗೆ ಬಂದವರು ಶಾಕವ್ವ ಮತ್ತು ಅವರ ಮಗಳು ಬನಶ್ರೀ. ಮಗ್ಗದ ಕೆಲಸದ ಶಾಕವ್ವನಿಗೆ ಕಿವಿ ಕೇಳುವುದಿಲ್ಲ, ಮಾತು ಬಾರದು. ತಾಯಿ ಕೈಸನ್ನೆಯಲ್ಲಿ ಕೇಳಿದ್ದನ್ನು ಮಗಳು ಹೇಳುತ್ತಿದ್ದಳು. ಹಾಳೆಯಲ್ಲಿ ನನ್ನ ಬರಹವಿತ್ತು: ಉತ್ತರ ಸರಿ, ಯೋಚನೆ ನಿಧಾನ, ನಲವತ್ತು ಸೆಕೆಂಡು ಮೌನ. ಅದನ್ನು ಓದಿದೆ.

"ನಮ್ಮವ್ವ ಕೇಳಾಕತ್ತಾಳ್ರೀ ಅಕ್ಕೋರ, ನಿಧಾನ ಅಂದ್ರ ತಪ್ಪೇನು ಅಂತ," ಎಂದಳು ಹುಡುಗಿ. ತಾಯಿಯ ಕೈಗಳು ಮತ್ತೇನೋ ಸೇರಿಸಿದವು. ಹುಡುಗಿ ನಕ್ಕು ತಲೆ ತಗ್ಗಿಸಿದಳು. ಪರವಾಗಿಲ್ಲ, ಹೇಳು ಎಂದೆ.

"ನೀವು ಹಾಳಿ ಓದೂದೂ ಭಾಳ ನಿಧಾನ ಅದ ಅಂತಾಳ್ರೀ."

ನನಗೂ ನಗು ಬಂತು. ಆ ನಲವತ್ತು ಸೆಕೆಂಡು ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಹೇಳಾಕತ್ತಿದ್ನಲ್ರೀ, ಕೈಲೆ. ಮದ್ಲ ಕೈಲೆ ಹೇಳಿ ನೋಡ್ತೀನ್ರೀ, ಆಮ್ಯಾಲೆ ಬಾಯಿಲೆ."

ಅಲ್ಲೇ ಮಾಡಿ ತೋರಿಸಿದಳು. ಸೋರುವ ತೊಟ್ಟಿಯ ಲೆಕ್ಕ ಅದು. ಬೆರಳುಗಳು ನೀರಿನ ಮಟ್ಟದಂತೆ ಇಳಿದವು. ಹಿಡಿದ ದಾರಿ ಸರಿಹೋಗದಿದ್ದಾಗ ಅಂಗೈಯಿಂದ ಗಾಳಿಯನ್ನು ಒರೆಸಿ ಇನ್ನೊಂದನ್ನು ಹಿಡಿದಳು. ಆ ಭಾಷೆ ಬಾರದ ನನಗೂ ಅದು ಅರ್ಥವಾಯಿತು. ಮುಖ ಕಾಣಬಾರದೆಂದು ಮಾಡಿದ ಏರ್ಪಾಟಿನಲ್ಲಿ ಮಗುವಿನ ಕೈಗಳೂ ನಮಗೆ ಕಾಣದೆ ಹೋಗಿದ್ದವು.

ಹಿರಿಯ ಆಯ್ಕೆಗಾರರಾದ ಹೊಂಬಳ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಒಂದು ಸೀಟು ಹೆಚ್ಚಿಸುವ ಅಧಿಕಾರ ಅವರಿಗಿದೆ. "ಸುಮ್ನ ಕೊಟ್ಟುಬಿಡೂಣ ತಂಗಿ, ಕೂಸಿಗೆ ಅನ್ಯಾಯ ಆಗೂದು ಬ್ಯಾಡ. ಬರಿಯೂದು ಯಾಕ?" ಎಂದರು. ಬರೆಯುವುದೆಂದರೆ ತಪ್ಪಿನ ಫಲಕದಲ್ಲಿ. ಆಯ್ಕೆಗಾರರ ತಪ್ಪು ಅವರ ಹೆಸರಿನೊಂದಿಗೆ ಹತ್ತು ವರ್ಷ ಶಾಲೆಯ ಬಾಗಿಲಲ್ಲಿರುತ್ತದೆ; ಅವರು ಮತ್ತೆ ಆಯ್ಕೆಗೆ ಕೂರುವಂತಿಲ್ಲ; ಅದೇ ಕಾರಣ ಬರೆದು ಆ ವರ್ಷ ಬಿಟ್ಟ ಎಲ್ಲ ಮಕ್ಕಳನ್ನೂ ಹೊಸಬರು ಮತ್ತೆ ಪರೀಕ್ಷಿಸಬೇಕು. ನಾನು ಹೊಂಬಳ ಸರ್ ಮಾತಿಗೆ ಒಪ್ಪಿದೆ. ಹೇಳಲು ನಾಚಿಕೆಯಾಗುತ್ತದೆ, ಒಪ್ಪಿದ್ದಷ್ಟೇ ಅಲ್ಲ, ಮನಸ್ಸು ಹಗುರವೂ ಆಯಿತು.

ಮೇಜಿಗೆ ಮರಳಿ ವಿಷಯ ತಿಳಿಸಿದಾಗ ಶಾಕವ್ವ ಬೇಡವೆಂದು ಕೈಯಾಡಿಸಿದರು. ಮಗಳು ಈ ಸಲ ನಗಲಿಲ್ಲ. "ಸುಮ್ನ ಕೊಟ್ರ ಒಲ್ಲೆ ಅಂತಾಳ್ರೀ. ನಿನ್ನ ಮಗಳಿಗೆ ಹೆಂಗ ಸಿಕ್ತು ಅಂತ ನಾಳೆ ಯಾರರ ಕೇಳಿದ್ರ ನಾ ಏನ್ ಹೇಳ್ಬೇಕು ಅಂತಾಳ." ಆಮೇಲೆ ತಾಯಿಗೆ ಕಾಣದಂತೆ ಮುಖ ತಿರುಗಿಸಿ, "ನಂಗ ಸೀಟು ಬೇಕ್ರೀ," ಎಂದಳು.

ಸಂಜೆಯೊಳಗೆ ಫಲಕದಲ್ಲಿ ಬರೆದೆ. ಈ ವರ್ಷ ನಾನು "ನಿಧಾನ" ಎಂದು ಬರೆದ ಹಾಳೆಗಳು ಎಂಟು. ಬೇರೆ ಜಿಲ್ಲೆಯಿಂದ ಬಂದ ಇಬ್ಬರು ಆ ಎಂಟೂ ಮಕ್ಕಳನ್ನು ಎದುರು ಕೂರಿಸಿಕೊಂಡು ಕೇಳಿದರು. ಬನಶ್ರೀಗೂ ಇನ್ನಿಬ್ಬರಿಗೂ ಸೀಟಾಯಿತು. ಆ ಇನ್ನಿಬ್ಬರು ಮಕ್ಕಳು ಮೊದಲ ಪರೀಕ್ಷೆಯಲ್ಲಿ ಯಾಕೆ ಸುಮ್ಮನಿದ್ದರೋ ನನಗೆ ತಿಳಿಯದು. ಕೇಳುವ ಹಕ್ಕು ಈಗ ನನ್ನದಲ್ಲ.

ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದವಳು ನಾನು. ಉತ್ತರ ತಪ್ಪಿದ್ದರೂ ಶಹಭಾಸ್ ಸಿಗುತ್ತಿತ್ತು. ಜಾಣತನವೆಂದರೆ ಅದೇ ಎಂದು ನಂಬಿ, ಅದೇ ಅಳತೆಗೋಲನ್ನು ಬೇರೆಯವರ ಮಕ್ಕಳ ಮೇಲೆ ಹಿಡಿದೆನೇ? ಹಿಂದಿನ ಆರು ವರ್ಷಗಳ ದನಿಗಳನ್ನು ಅಳಿಸಿದ್ದಾರೆ, ಹಾಳೆಗಳು ಉಳಿದಿವೆ. ಅವುಗಳಲ್ಲಿ ಇಪ್ಪತ್ತಾರು ಹಾಳೆಗಳಲ್ಲಿ ಅದೇ "ನಿಧಾನ", ನನ್ನದೇ ಅಕ್ಷರ. ಆ ಮನೆಯವರು ನಾನು ಓದಿದ್ದನ್ನು ನಂಬಿ ಹೋಗಿದ್ದರು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಬಿಟ್ಟ ಪ್ರತಿ ಮಗುವಿಗೂ ಕಾರಣ ಬರೆದಿಡಿ, ಕೆಳಗೆ ನಿಮ್ಮ ಹೆಸರು ಹಾಕಿ. ಕಾರಣ ತಪ್ಪಿರಬಹುದು. ಬರೆದಿದ್ದರೆ ಯಾರಾದರೊಬ್ಬರು ಎದುರು ಕೂತು ಅದನ್ನು ತಪ್ಪೆಂದು ಹೇಳಬಹುದು.

ಇಪ್ಪತ್ತಾರು ವಿಳಾಸಗಳನ್ನು ಬರೆದುಕೊಂಡಿದ್ದೇನೆ. ಆ ಮಕ್ಕಳ ವಯಸ್ಸು ಮೀರಿದೆ, ಕೊಡಲು ನನ್ನ ಬಳಿ ಸೀಟಿಲ್ಲ. ಹೋಗಿ ಹೇಳುವುದೊಂದೇ ಉಳಿದಿದೆ. ಎಲ್ಲಕ್ಕಿಂತ ಹಳೆಯ ಹಾಳೆಯ ಹುಡುಗಿಗೆ ಈಗ ಹದಿನಾರು. ನಾಳೆ ಬೆಳಿಗ್ಗೆ ಮೊದಲು ಅವಳ ಮನೆಗೆ ಹೋಗುತ್ತೇನೆ. ಅವಳು ಏನು ಕೇಳಿದರೂ ಕೂತು ಕೇಳಿಸಿಕೊಳ್ಳುತ್ತೇನೆ.

ಮಂದಾಕಿನಿ ಲಕ್ಕುಂಡಿ