ಟೈಲರಮ್ಮನಿಗೆ ಮನೆ ಕೊಟ್ಟ ಸಮಾಚಾರ

ಭಾನುವಾರ, ಬೆಳಗಿನ ಕಾಫಿ ಹೊತ್ತು

ನನ್ನ ಮುದ್ದಿನ ಪುಟ್ಟಿಗೆ ಅಕ್ಕನ ತುಂಬು ಪ್ರೀತಿ.

ನಿನ್ನ ಭುಜದ ನೋವು ಇಳಿಯಿತೇ? ನಮ್ಮ ಮೇಷ್ಟ್ರ ಕೆಮ್ಮು ಹೇಗಿದೆ? ಶಾಲೆ ಬಿಟ್ಟ ಮೇಲೂ ನಿಮ್ಮ ಯಜಮಾನರು ಮನೆಯವರಿಗೆಲ್ಲ ಪಾಠ ಹೇಳುತ್ತಾರಂತೆ, ಇನ್ನು ಗಂಟಲು ಹೇಗೆ ಸರಿಹೋದೀತು! ಗುಂಡನ ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದರೇ? ಚಿನ್ನು ರಾತ್ರಿ ಅಳುವುದನ್ನು ನಿಲ್ಲಿಸಿದಳೇ? ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಮನೆ ಮಾರಿಯಾಯಿತು ಕಣೇ! ಕೆಳಗಡೆ ಬಾಡಿಗೆಗಿದ್ದ ಟೈಲರಮ್ಮನಿಗೇ ಕೊಟ್ಟೆ.

ವಕೀಲರನ್ನು ಇಟ್ಟುಕೋ ಎಂದು ನೀನು ಬರೆದಾಗ ನನಗೆ ಸಿಟ್ಟೇ ಬಂದಿತ್ತು. ಜ್ವರ ಬಂದಾಗ ಗಂಜಿ ಕುಡಿಸಿದವಳು, ನನ್ನ ರವಿಕೆಗಳ ಅಳತೆಯನ್ನು ಕಣ್ಣಲ್ಲೇ ಇಟ್ಟುಕೊಂಡವಳು. ಅವಳಿಗೂ ನನಗೂ ನಡುವೆ ಕರಿಕೋಟು ಯಾಕೆ ಅಂದುಕೊಂಡೆ. ಆದರೆ ವ್ಯವಹಾರ ಮುಂದಕ್ಕೇ ಹೋಗಲಿಲ್ಲ. ಬೆಲೆ ನೀನೇ ಹೇಳು ಎಂದು ನಾನು. ಅಯ್ಯೋ ನೀವು ದೊಡ್ಡೋರು, ನೀವೇ ಹೇಳಿ ಅಮ್ಮಾ ಎಂದು ಅವಳು. ಕೊನೆಗೆ ನಾನೊಂದು ಬೆಲೆ ಅಂದರೆ ಅವಳ ಮುಖ ಸಪ್ಪಗಾಯಿತು. ಜಾಸ್ತಿಯಾಯಿತೇನೋ ಎಂದು ಇಳಿಸಿದೆ. ಅಷ್ಟು ಕಮ್ಮಿಗೆ ತಗೊಂಡ್ರೆ ನನಗೆ ನಿದ್ದೆ ಬರಲ್ಲ ಎಂದು ಅವಳೇ ಏರಿಸಿದಳು. ಏರಿಸಿದ ಮೇಲೂ ಮುಖ ಸಪ್ಪಗೇ! ಆಮೇಲೆ ಸಂಜೆಯ ಕಾಫಿಗೆ ಬರುವುದನ್ನೇ ಬಿಟ್ಟಳು. ಎದುರು ಸಿಕ್ಕರೆ ನಮಸ್ಕಾರ ಅನ್ನುತ್ತಿದ್ದಳು. ನನಗೆ ಅವಳು ನಮಸ್ಕಾರ ಹೇಳುವುದೆಂದರೇನು, ನೀನೇ ಹೇಳು! ಇತ್ತ ನಾನು ಹೋಗಬೇಕೆಂದಿರುವ, ಮೆಟ್ಟಿಲೇ ಇಲ್ಲದ ನೆಲಮನೆಯವರು ತಿಂಗಳ ಕೊನೆಯ ತನಕ ಮಾತ್ರ ಕಾಯುತ್ತೇವೆ ಎಂದಿದ್ದರು. ಅದೂ ಹೋಗುತ್ತದೆ, ಇವಳೂ ದೂರವಾಗುತ್ತಾಳೆ ಎಂದು ಒಳಗೊಳಗೇ ಕೊರಗಿದೆ.

ಕೊನೆಗೆ ನಿನ್ನ ಮಾತೇ ಸರಿ ಎನಿಸಿತು. ಅವಳಿಗೆ ಗೊತ್ತಾದರೆ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ನೊಂದುಕೊಂಡಾಳೆಂದು, ಕಣ್ಣು ತೋರಿಸಿಕೊಳ್ಳುವ ನೆಪ ಹೇಳಿ ಪೇಟೆಯ ವಕೀಲಮ್ಮನ ಹತ್ತಿರ ಹೋದೆ. ಕುಂಟುತ್ತಾ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರೆ ಮೇಲಿನ ಮೆಟ್ಟಿಲಲ್ಲಿ ಯಾರು? ನಮ್ಮ ಟೈಲರಮ್ಮ! ಗುಂಡಿ ತರೋಕೆ ಪೇಟೆಗೆ ಹೋಗ್ತೀನಿ ಎಂದು ಹೇಳಿ ಹೊರಟಿದ್ದವಳು. ಇಬ್ಬರೂ ಕಳ್ಳರ ಹಾಗೆ ನಿಂತೆವು. ಕಣ್ಣಿನ ಡಾಕ್ಟ್ರು ಇಲ್ಲಿಗೆ ಬಂದ್ಬಿಟ್ರಾ ಅಮ್ಮಾ ಅಂದಳು. ಗುಂಡಿ ಅಂಗಡಿನೂ ಇಲ್ಲೇ ಬಂತಲ್ಲ ಅಂದೆ. ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ವಕೀಲಮ್ಮ ಬಾಗಿಲು ತೆಗೆದು, ಯಾರಾದರೂ ಬಿದ್ರಾ ಎಂದು ಕೇಳಿದರು.

ಇಬ್ಬರೂ ಒಟ್ಟಿಗೇ ಕೂರುತ್ತೇವೆ ಎಂದರೆ ಅವರು ಒಪ್ಪಲಿಲ್ಲ. ಮಾರೋರ ಹಿತ ಬೇರೆ, ಕೊಳ್ಳೋರ ಹಿತ ಬೇರೆ, ನಾನೊಬ್ಬಳೇ ಎರಡು ಕಡೆ ನಿಲ್ಲೋ ಹಾಗಿಲ್ಲ ಎಂದರು. ನಾನು ಮೊದಲೇ ಹೊತ್ತು ಗೊತ್ತು ಮಾಡಿಕೊಂಡಿದ್ದರಿಂದ ಅವರು ನನಗೆ, ಎದುರು ಬೀದಿಯ ಕನ್ನಡಕದ ವಕೀಲರು ಅವಳಿಗೆ. ಕೆಲಸ ಮುಗಿಸಿ ಎದುರು ಪಾರ್ಟಿಗಳಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಮನೆಗೆ ಬಂದೆವು.

ಮುಂದಿನ ವಾರ ವಕೀಲರಿಬ್ಬರ ಜೊತೆ ಬೆಲೆ ಕಟ್ಟುವ ಇಂಜಿನಿಯರ್ ಬಂದರು. ಟೇಪು ಹಿಡಿದು ಗೋಡೆಗಳನ್ನೆಲ್ಲ ತಟ್ಟಿದರು. ಬಚ್ಚಲ ಗೋಡೆ ನೀರು ಕುಡಿಯುತ್ತದೆ ಎಂದು ನಾನೇ ಬಾಯಿಬಿಟ್ಟೆ. ನನಗೆ ಗೊತ್ತಿಲ್ವಾ ಅಮ್ಮಾ, ದಿನಾ ಒರೆಸೋಳು ನಾನು ತಾನೇ ಅಂದಳು. ಹಿಂದಿನ ಹೊಲಿಗೆ ಕೋಣೆಗೆ ಹೋದಾಗ, ಇದನ್ನು ಕಟ್ಟಿಸಿದ್ದು ಯಾರು ಎಂದು ಅವರು ಕೇಳಿದರು. ಟೈಲರಮ್ಮ ಸೆರಗಿನ ಅಂಚನ್ನು ತಿರುಚತೊಡಗಿದಳು. ಆಗ ನನಗೆ ಹೊಳೆಯಿತು ನೋಡು! ಮೆಷಿನ್ನುಗಳಿಗೆ ಜಾಗ ಸಾಲದೆಂದು ಅವಳೇ ದುಡಿದು ಕಟ್ಟಿಸಿಕೊಂಡ ಕೋಣೆ ಅದು. ನಾನು ಹ್ಞೂಂ ಅಂದದ್ದಷ್ಟೇ. ಇಷ್ಟು ದಿನವೂ ನಾನು ಅದನ್ನೂ ಸೇರಿಸಿಯೇ ಬೆಲೆ ಹೇಳುತ್ತಿದ್ದೆ. ತಾನು ಕಟ್ಟಿದ್ದನ್ನು ತಾನೇ ಹೇಗೆ ಕೊಳ್ಳಲಿ ಎಂದು ಕೇಳಲಾರದೆ ಅವಳು ಬೇಯುತ್ತಿದ್ದಳು. ಕೇಳಿದರೆ ನಾನು ನೊಂದುಕೊಂಡೇನೆಂದು ಅವಳಿಗೆ ಭಯ. ವಕೀಲಮ್ಮ ಆ ಕೋಣೆಯ ಬೆಲೆ ಕಳೆದು ಉಳಿದದ್ದನ್ನು ಬರೆದರು. ಕನ್ನಡಕದವರು ಅಲ್ಲೇ ಒಪ್ಪಿದರು. ನಾವಿಬ್ಬರು ತಿಂಗಳುಗಟ್ಟಲೆ ಬಿಗಿ ಮಾಡಿದ ಗಂಟನ್ನು, ಬಿಸ್ಕತ್ತು ತಿನ್ನುತ್ತಾ ಬಿಚ್ಚಿಬಿಟ್ಟರು ಕಣೇ.

ಶುಕ್ರವಾರ ಸಹಿ ಆಯಿತು. ಸಂಜೆ ಕಾಫಿಗೆ ಬಂದಳು. ಬಾಗಿಲಿಂದಲೇ, ಏನಮ್ಮಾ, ನನ್ನ ಮನೇಲಿ ಸಕ್ಕರೆ ಇಷ್ಟೊಂದು ಸುರಿಯೋದು ಯಾರು ಎಂದು ಜೋರು ಮಾಡಿದಳು. ಬಾ ಓನರಮ್ಮ, ಕೂತ್ಕೊ ಎಂದೆ. ಎಷ್ಟು ಹಗುರಾದೆ ಅಂತೀಯಾ!

ಎಲ್ಲರ ಕೆನ್ನೆಗೂ ಒಂದೊಂದು ಮುತ್ತು.

ಇಂತಿ ನಿನ್ನ,
ದೊಡ್ಡಕ್ಕ

ಮರೆತಿದ್ದೆ: ನಾನು ಹಿಡಿದಿರುವ ನೆಲಮನೆ ಎಲ್ಲಿದೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಅಡುಗೆಮನೆ ಕಿಟಕಿ ತೆಗೆದು ನೋಡು, ಎದುರಿಗೆ ನೀಲಿ ಬಾಗಿಲು ಕಾಣುತ್ತದಲ್ಲ, ಅದೇ. ಮೇಷ್ಟ್ರಿಗೆ ಮೊದಲಿಂದಲೂ ಗೊತ್ತು. ಬಾಯಿಬಿಟ್ಟರೆ ಜಾಗ್ರತೆ ಎಂದು ನಾನೇ ಹೆದರಿಸಿದ್ದೆ, ಪಾಪ, ಬೈಯಬೇಡ. ಒಂದನೇ ತಾರೀಕು ಬರುತ್ತೇನೆ. ಅಲ್ಲಿ ಬೆಳಗಿನ ಬಿಸಿಲು ಯಾವ ಕೋಣೆಗೆ ಬೀಳುತ್ತದೆ ನೋಡಿ ಬೇಗ ಬರಿಯೇ, ಮಂಚ ಅಲ್ಲೇ ಹಾಕಿಸಬೇಕು.