ಅತ್ತೆಯ ಕಣ್ಣಿಗೆ ಒಪ್ಪುವ ದುರ್ಬೀನು

ರಾಯಚೂರು
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಅಂಬಿಕಾ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ನಿಮ್ಮ ಮಗ ಕ್ಷೇಮವಾಗಿದ್ದಾರೆ, ರೊಟ್ಟಿ ಮುಂದೆ ಕುಳಿತರೆ ಎಂದಿನಂತೆ ಏಳುವುದೇ ಇಲ್ಲ. ನಾನು ಮಾತ್ರ ಬುಧವಾರದಿಂದ ತುತ್ತು ಇಳಿಯದೆ ಒದ್ದಾಡುತ್ತಿದ್ದೇನೆ. ನಿಮಗೆ ಒಂದು ಮೋಸ ಮಾಡಿದ್ದೇನೆ, ಅದನ್ನು ಹೇಳದೆ ನನಗೆ ನೆಮ್ಮದಿಯಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ಮೂರು ಮಾತಿಗೇ "ಇಡ್ತೀನವ್ವಾ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಸಾಕ್ಷರತಾ ಕೇಂದ್ರದಲ್ಲಿ ಕಲಿತ ಅಕ್ಷರ ದಪ್ಪಗಿದ್ದರೆ ಮಾತ್ರ ಓದಲು ಬರುತ್ತದೆ ಎಂದಿದ್ದಿರಿ, ನಾನೂ ಮೂರನೇ ತರಗತಿಯ ಮಕ್ಕಳಿಗೆ ಬರೆಯುವ ಹಾಗೆ ದಪ್ಪಗೆ ಬರೆದಿದ್ದೇನೆ. ದಯವಿಟ್ಟು ಬೇರೆಯವರಿಂದ ಓದಿಸಬೇಡಿ. ಎರಡು ದಿನ ಹಿಡಿದರೂ ಚಿಂತೆಯಿಲ್ಲ.

ಈ ಪೆಟ್ಟಿಗೆಯಲ್ಲಿ ಇನ್ನೊಂದು ದುರ್ಬೀನು ಇದೆ. ನೋಡಿದ ಕೂಡಲೇ ಪಕ್ಕಕ್ಕೆ ಎಸೆಯಬೇಡಿ, ಇದು ಮೊದಲಿನದರಂತಲ್ಲ.

ಆಷಾಢದಲ್ಲಿ ನೀವು ದುರ್ಬೀನು ಕೇಳಿದಾಗ ಮನೆಯವರೆಲ್ಲ ನಕ್ಕರು. ಆಡು ಕಾಯಲು ದುರ್ಬೀನೇ ಎಂದು ನಿಮ್ಮ ಮಗ ವಾರವಿಡೀ ಆಡಿಕೊಂಡರು. ನಾನೂ ನಕ್ಕೆ, ಆದರೆ ನೀವು ವಿವರಿಸಿ ಹೇಳಿದ ಮೇಲೆ ನಗು ನಿಂತಿತು. ಮೊಣಕಾಲು ಕೈಕೊಟ್ಟ ಮೇಲೆ ನಿಮಗೆ ಗುಡ್ಡ ಹತ್ತಲಾಗದು. ಆಡುಗಳು ತಾವಾಗಿಯೇ ಹತ್ತಿ ಮೇಯುತ್ತವೆ, ನೀವು ಕೆಳಗೆ ಬೇವಿನ ಮರದಡಿ ಕುಳಿತು ಹೆಸರು ಹಿಡಿದು ಕೂಗಿದರೆ ತಿರುಗುತ್ತವೆ. ಅದರದರ ಹೆಸರಿಗೆ ಮಾತ್ರ ತಿರುಗುತ್ತವೆ ಎನ್ನುವುದೇ ಪಂಚಾಯಿತಿ. ತಾಯಣ್ಣ ಮಾವನ ಹತ್ತಿ ಹೊಲದ ಕಡೆ ಹೊರಟದ್ದು ಬೋಡಿಯಾಗಿದ್ದು, ನೀವು ಕೆಂಚಿ ಎಂದು ಕೂಗಿದರೆ ಬೋಡಿ ಏಕೆ ನಿಲ್ಲಬೇಕು? ಅಷ್ಟು ದೂರದಿಂದ ಯಾವುದು ಯಾರು ಎಂದು ತಿಳಿಯಲು ನಿಮಗೆ ದುರ್ಬೀನು ಬೇಕಿತ್ತು. ಇನ್ನೊಮ್ಮೆ ಒಂದೇ ಒಂದು ಆಡು ಹೊಲಕ್ಕೆ ಬಿದ್ದರೂ ಹನ್ನೊಂದನ್ನೂ ಮಾರಿ ಅವ್ವನನ್ನು ರಾಯಚೂರಿಗೆ ಕರೆದೊಯ್ಯುತ್ತೇನೆ ಎಂದು ನಿಮ್ಮ ಮಗ ತಾಯಣ್ಣ ಮಾವನಿಗೆ ಮಾತು ಕೊಟ್ಟಿದ್ದರು.

ದುರ್ಬೀನು ತರುವ ಕೆಲಸ ನನ್ನ ಪಾಲಿಗೆ ಬಂತು. ಮಾನ್ವಿಯಲ್ಲಿ ನಮ್ಮ ಶಾಲೆಯ ದಾರಿಯಲ್ಲೇ ಸತ್ತಾರ್ ಸಾಬರ ಚಾಳೀಸಿನ ಅಂಗಡಿ. ದೊಡ್ಡದು ಯಾವುದಿದೆ ತೋರಿಸಿ ಎಂದೆ. ಅವರು ತೋರಿಸಲಿಲ್ಲ. "ಏನ್ ನೋಡಾಕ ಬೇಕಾಗ್ಯದ ಅದು ಹೇಳ್ರಿ ಟೀಚರ್, ನಂಬರು ಆಮ್ಯಾಗ" ಎಂದರು. ಗುಡ್ಡ, ಆಡು, ಬೇವಿನ ಮರ ಎಲ್ಲ ಹೇಳಿದೆ. ನಿಮ್ಮ ವಯಸ್ಸು ಕೇಳಿದರು, ಕೈ ನಡುಗುತ್ತದೆಯೇ, ದೂರ ನೋಡಲೂ ಚಾಳೀಸು ಬೇಕೇ, ಕುತ್ತಿಗೆ ನೋಯುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಹುಡುಗಿ ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ.

ಆಮೇಲೆ ಎರಡು ದುರ್ಬೀನು ಕೊಟ್ಟು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ಒಂದು ಇಪ್ಪತ್ತು ಪಟ್ಟು ಹತ್ತಿರ ತರುವಂಥದ್ದು, ಇನ್ನೊಂದು ಎಂಟು ಪಟ್ಟು. ದೂರದ ಬಸ್ಸಿನ ಬೋರ್ಡು ನೋಡಲು ಹೇಳಿದರು. ಇಪ್ಪತ್ತರದರಲ್ಲಿ ಒಂದೇ ಒಂದು ಅಕ್ಷರ, ಅದೂ ಕುಣಿಯುತ್ತಿತ್ತು. ಹತ್ತಿರ ತಂದಷ್ಟೂ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ, ಕಾಣುವ ಜಾಗವನ್ನು ಸಣ್ಣದು ಮಾಡುತ್ತದೆ ಎಂದರು. ಎಂಟರದರಲ್ಲಿ ಇಡೀ ಬೋರ್ಡು, ಬಸ್ಸು, ಬಾಗಿಲಲ್ಲಿ ನಿಂತು ಎಲೆಅಡಿಕೆ ಜಗಿಯುತ್ತಿದ್ದ ಕಂಡಕ್ಟರು, ಎಲ್ಲ ಒಟ್ಟಿಗೆ ಕಂಡವು. ತೂಕವೂ ಅರ್ಧ. ಗುಡ್ಡದ ಮೇಲೆ ಓಡಾಡುವ ಜೀವವನ್ನು ಹುಡುಕಿ ಹಿಡಿಯಲು ಎಂಟರದೇ ಸರಿ ಎಂದು ಬಿಡಿಸಿ ಹೇಳಿದರು.

ಅತ್ತೆ, ಎಲ್ಲ ತಿಳಿದ ಮೇಲೂ ನಾನು ಇಪ್ಪತ್ತರದನ್ನೇ ಕಟ್ಟಿಸಿಕೊಂಡೆ. ನಮ್ಮತ್ತೆಗೆ ದೊಡ್ಡದೇ ಬೇಕಂತೆ ಎಂದು ಅವರಿಗೆ ಸುಳ್ಳು ಹೇಳಿದೆ. ಅದು ನಿಮಗೆ ಒಗ್ಗುವುದಿಲ್ಲ, ಆಡು ಹೊಲಕ್ಕೆ ಬೀಳುತ್ತವೆ, ಮಾರಿಬಿಡುತ್ತಾರೆ, ನೀವು ನಮ್ಮ ಮನೆಗೆ ಬರುತ್ತೀರಿ. ಇಷ್ಟನ್ನೂ ಬಸ್ಸಿನಲ್ಲಿ ರಾಯಚೂರು ಮುಟ್ಟುವ ಮೊದಲೇ ಲೆಕ್ಕ ಹಾಕಿದ್ದೆ.

ಎಲ್ಲ ಹಾಗೆಯೇ ಆಯಿತು. ನಿಮಗೆ ಬಂಡೆ ಕಂಡಿತು, ಮತ್ತೆ ಬಂಡೆ, ಒಮ್ಮೆ ಒಂದು ಕಿವಿ. ಅದು ಯಾರ ಕಿವಿ ಎಂದು ಹುಡುಕುವಷ್ಟರಲ್ಲಿ ಕೆಂಚಿ ಹತ್ತಿ ಹೊಲದಲ್ಲಿತ್ತು. ಸಿರವಾರದ ವ್ಯಾಪಾರಿಗೆ ನಿಮ್ಮ ಮಗ ಹೇಳಿಯೂ ಆಯಿತು. ನಾನು ಗೆದ್ದೆ ಎಂದುಕೊಂಡಿದ್ದೆ.

ಆದರೆ ಬುಧವಾರ ನೀವು ಫೋನಿನಲ್ಲಿ ಆಡಿದ ಮಾತು ನನ್ನ ಎದೆಗೆ ನಾಟಿದೆ. ನೀವು ಬೈಯಲಿಲ್ಲ, ಅಳಲಿಲ್ಲ. "ದುರ್ಬೀನಿಂದು ಏನೂ ತಪ್ಪಿಲ್ಲವ್ವಾ, ನನ್ನ ಕಣ್ಣ ಹೋಗ್ಯಾವ. ಮಾರಿಬಿಡ್ರಿ" ಎಂದಿರಿ. ಮೂರು ಹರದಾರಿ ಆಚೆಯ ಬಸ್ಸಿನ ಧೂಳು ನೋಡಿಯೇ ದೇವದುರ್ಗದ್ದೋ ಅಲ್ಲವೋ ಎಂದು ಹೇಳುವ ಕಣ್ಣುಗಳು ಅವು. ನಾನು ಆಡು ಕಿತ್ತುಕೊಳ್ಳಲು ಹೊರಟವಳು ನಿಮ್ಮ ಕಣ್ಣುಗಳ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅತ್ತೆ. ಏನೂ ಆಗಿಲ್ಲ. ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಅಂದೇ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಅವ್ವಗ ನೀನ ಹೇಳು" ಎಂದಷ್ಟೇ ಹೇಳಿದರು. ಮರುದಿನ ವ್ಯಾಪಾರಿಗೆ ಬರಬೇಡಿ ಎಂದು ತಾವೇ ಫೋನ್ ಮಾಡಿದರು. ತಾಯಣ್ಣ ಮಾವನಿಗೆ ನಾನು ಮಾಡಿದೆ. ಒಬ್ಬ ಟೀಚರು ಇಷ್ಟು ಕೆಟ್ಟ ಬುದ್ಧಿ ತೋರಿಸಬಹುದೇ ಎಂದು ಅವರು ಬೈದದ್ದನ್ನು ಕೇಳಿಸಿಕೊಂಡೆ. ಕೊನೆಗೆ ಹತ್ತಿ ಬಿಡಿಸುವ ತನಕ ನೋಡೋಣ ಎಂದಿದ್ದಾರೆ. ಅಷ್ಟರಲ್ಲಿ ಮತ್ತೆ ಹೊಲಕ್ಕೆ ಬಿದ್ದರೆ ಯಾರ ಮಾತೂ ಕೇಳುವುದಿಲ್ಲವಂತೆ. ಆದ್ದರಿಂದ ಈಗ ಬರೆಯುವುದನ್ನು ಗಮನವಿಟ್ಟು ಓದಿ.

ಮೊದಲು ಚಾಳೀಸು ತೆಗೆಯಿರಿ, ಅದು ಹತ್ತಿರದ್ದನ್ನು ನೋಡಲು. ಕಣ್ಣಿಗೆ ತಾಗುವ ರಬ್ಬರಿನ ಬಟ್ಟಲುಗಳನ್ನು ತಿರುಗಿಸಿ ಮೇಲೆತ್ತಿ. ಎರಡು ಕೊಳವೆಗಳನ್ನು ಹಿಗ್ಗಿಸಿ ಕುಗ್ಗಿಸಿ ಎರಡು ದುಂಡು ಸೇರಿ ಒಂದೇ ಆಗುವಂತೆ ಮಾಡಿ. ಬಲಗಣ್ಣು ಮುಚ್ಚಿ ನಡುವಿನ ಗಾಲಿ ತಿರುಗಿಸಿ, ಎಡಗಣ್ಣಿಗೆ ಬಂಡೆ ಸ್ಪಷ್ಟವಾಗಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಕೊಳವೆಯ ಬಳೆಯನ್ನಷ್ಟೇ ಬಂಡೆ ಸ್ಪಷ್ಟವಾಗುವ ತನಕ ತಿರುಗಿಸಿ. ಅಲ್ಲಿಗೆ ಮುಗಿಯಿತು. ಮೊಣಕೈಗಳನ್ನು ಮಂಡಿಗೆ ಊರಿಕೊಂಡರೆ ಇನ್ನೂ ಒಳ್ಳೆಯದು. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ. ಮೊದಲು ಬರಿಗಣ್ಣಲ್ಲಿ ಆಡನ್ನು ಗುರುತಿಸಿ, ಅದರ ಮೇಲಿಂದ ದೃಷ್ಟಿ ತೆಗೆಯದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಅಷ್ಟಾದರೆ ಕೆಂಚಿ ಯಾರು, ಬೋಡಿ ಯಾರು ಎಂದು ಗುಡ್ಡವೇ ಹೇಳುತ್ತದೆ.

ಹಳೆಯದನ್ನು ನಿಮ್ಮ ಮಗ ಬಂದಾಗ ಕೊಟ್ಟು ಕಳಿಸಿ. ಸ್ಟ್ಯಾಂಡಿಗೆ ಬಿಗಿದು ಶಾಲೆಯ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತೇನೆ. ಅದೂ ಕೆಟ್ಟದ್ದಲ್ಲ, ನಿಮ್ಮ ಕೆಲಸಕ್ಕೆ ಅಲ್ಲ ಅಷ್ಟೇ.

ನಿಮ್ಮನ್ನು ಇಲ್ಲಿಗೆ ತರಬೇಕೆಂದು ಏಕೆ ಇಷ್ಟು ಹಟ ಹಿಡಿದೆ ಎಂದು ಕೇಳುತ್ತೀರಿ. ಮೊಣಕಾಲಿಗೆ ಒಳ್ಳೆಯ ಡಾಕ್ಟರು ಇಲ್ಲಿದ್ದಾರೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಅದು ನೆಪ. ನೀವು ನನ್ನ ಹತ್ತಿರ ಇರಬೇಕಿತ್ತು. ಅದಕ್ಕಿಂತ ಹೆಚ್ಚು ಬರೆಯಲು ಈಗ ಧೈರ್ಯವಿಲ್ಲ.

ಬೈಯುವುದಿದ್ದರೆ ಬೈಯಿರಿ, ಮಾತು ಬಿಡಬೇಡಿ.

ನಿಮ್ಮ ಮೋಸಗಾರ ಸೊಸೆ,
ಅಂಬಿಕಾ

ತಾ.ಕ.: ಪೆಟ್ಟಿಗೆ ಮುಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ನನಗೆ ಮೂರು ತಿಂಗಳು ತುಂಬಿತು. ಹಿಂದಿನ ಎರಡೂ ಸಲ ಎರಡು ತಿಂಗಳಲ್ಲೇ ಹೋದದ್ದರಿಂದ ನಿಮ್ಮ ಮಗನನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹೆರಿಗೆ ಯುಗಾದಿಯ ಆಸುಪಾಸು ಎಂದು ಡಾಕ್ಟರು ಹೇಳಿದ್ದಾರೆ. ಈ ಸಲ ಬಹಳ ಹೆದರಿಕೆಯಾಗುತ್ತದೆ ಅತ್ತೆ. ಚೊಚ್ಚಲಿಗೆ ಎಲ್ಲರೂ ತವರಿಗೆ ಹೋಗುತ್ತಾರೆ, ನನ್ನವ್ವ ಹೋಗಿ ಆರು ವರ್ಷವಾಯಿತು. ನೀವು ಆಡು ಬಿಟ್ಟು ಎಲ್ಲಿಗೂ ಬರುವುದು ಬೇಡ. ನಾನೇ ನಿಮ್ಮಲ್ಲಿಗೆ, ಸೊಸೆಯ ಹಾಗಲ್ಲ, ಮಗಳು ಬಂದ ಹಾಗೆ ಬರಲೇ?